ನಿಮ್ಮ ಪ್ರಶ್ನೆ: ಮಾತನ್ನ ನಾಟಕದ ಹಾಗೆ ಬಿಡಿಸಿ ನೋಡೋಕೆ ಚಿಂತಕ ಕೆನೆತ್ ಬರ್ಕ್ ಕೊಟ್ಟ ಐದು ಅಂಶ (ಕ್ರಿಯೆ, ಸನ್ನಿವೇಶ, ಕರ್ತೃ, ಸಾಧನ, ಉದ್ದೇಶ) ಪ್ರಬಂಧದಲ್ಲಿ ತುಂಬಿಸಿದ್ದಾಯ್ತು, ದಿನನಿತ್ಯದ ಬದುಕನ್ನ ರಂಗಭೂಮಿಗೆ ಹೋಲಿಸಿದ ಸಮಾಜಶಾಸ್ತ್ರಜ್ಞ ಗಾಫ್‌ಮನ್ ಜೊತೆ ಹೋಲಿಕೆಯ ಅಧ್ಯಾಯ ಬೇಕಾ?

ಬೇಡ. ಮುಳುಗಡೆ ಸಂತ್ರಸ್ತರ ಭಾಷಣಗಳಿಗೆ ಐದು ಕಾಲಂ ಹಾಕಿದೀನಿ ಅಂದ್ರಲ್ಲ, ನನಗೆ ಭಯವಾಗಿದ್ದು ಅದನ್ನ ಓದಿ.

ನನ್ನ ಪ್ರಬಂಧವೂ ಶರಾವತಿ ಮುಳುಗಡೆಯದ್ದೇ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಒಂದು ಸಭೆ. ಹಿರಿಯರೊಬ್ಬರು ಎದ್ದು, "ನೀರು ಬಂತು, ಹತ್ತಿದ್ವಿ. ಗುಡ್ಡ ಇತ್ತು, ಕಡಿದು ಗದ್ದೆ ಮಾಡಿದ್ವಿ" ಅಂದ್ರು. ಅಧಿಕಾರಿ ಹೇಳಿದ್ದು ಇಷ್ಟೇ: "ನೀವು ಒತ್ತುವರಿ ಮಾಡಿದೀರಿ." ನಾನು ಇಬ್ಬರ ಮಾತಿಗೂ ಶ್ರದ್ಧೆಯಿಂದ ಒಂದೇ ಥರ ಕಾಲಂ ತುಂಬಿದೆ. ಕ್ರಿಯೆ: ಕಾಡು ಕಡಿದದ್ದು. ಸನ್ನಿವೇಶ: 1964ರ ಲಿಂಗನಮಕ್ಕಿ ಅಣೆಕಟ್ಟು. ಕರ್ತೃ: ಸಂತ್ರಸ್ತರು. ಸಾಧನ: ಕತ್ತಿ, ಗುದ್ದಲಿ. ಉದ್ದೇಶ: ಹೊಟ್ಟೆಪಾಡು. ವೈವಾದಲ್ಲಿ ಪರೀಕ್ಷಕರು ಆ ಪುಟ ನನ್ನ ಕಡೆ ತಿರುಗಿಸಿ ಕೇಳಿದ್ರು, "ಇಬ್ಬರೂ ಒಂದೇ ಮಾತಾಡಿದಾರಲ್ಲ, ಮತ್ತೆ ಜಗಳ ಯಾಕಾಯ್ತು?"

ಉತ್ತರ ಇರಲಿಲ್ಲ. ನಾನು ತುಂಬಿದ್ದು ಘಟನೆಯ ವಿವರ, ಅವರ ಮಾತಿನದ್ದಲ್ಲ. ಹಿರಿಯರ ಮಾತಲ್ಲಿ ಸನ್ನಿವೇಶವೇ ಕ್ರಿಯೆಯನ್ನ ನುಂಗಿಬಿಟ್ಟಿದೆ: ನೀರು ಬಂದ ಮೇಲೆ ಇನ್ನೇನು ಮಾಡೋದು? ಅಧಿಕಾರಿಯ ವಾಕ್ಯದಲ್ಲಿ ನೀರೇ ಇಲ್ಲ, ಬರೀ ಕರ್ತೃ ಮತ್ತು ಕ್ರಿಯೆ. ಬರ್ಕ್ 1945ರಲ್ಲಿ ಈ ಐದನ್ನ ಕೊಟ್ಟಿದ್ದೇ ಇಂಥ ಜೋಡಿಗಳಲ್ಲಿ ಯಾವುದು ಯಾವುದನ್ನ ಆಳ್ತಿದೆ ಅಂತ ನೋಡೋಕೆ. ಅನುಪಾತ ಅಂತ ಅವನು ಕರೆದದ್ದು ಇದನ್ನೇ. ಅದೊಂದನ್ನ ಬಿಟ್ಟಿದ್ದಕ್ಕೆ ಪ್ರಬಂಧ ಪೂರ್ತಿ ತಿದ್ದಿ ಬರೆಯಬೇಕಾಯ್ತು, ಆ ವರ್ಷದ ಅತಿಥಿ ಉಪನ್ಯಾಸಕ ಹುದ್ದೆಯೂ ಕೈತಪ್ಪಿ ಹೋಯ್ತು.

ನಮ್ಮ ಕಡೆಯವರಿಗೆ ಇದು ಹೊಸತೇನಲ್ಲ. ತಾಳಮದ್ದಳೆಯಲ್ಲಿ ವಾಲಿವಧೆ ಕೇಳಿ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಹಾಡು, ಕೂತ ಅರ್ಥಧಾರಿಗಳ ಮಾತು ಅಷ್ಟೇ. ವಾಲಿ "ಮರೆಯಲ್ಲಿ ನಿಂತು ಹೊಡೆದೆಯಲ್ಲ" ಅಂತ ಸಾಧನವನ್ನೇ ಹಿಡೀತಾನೆ, ರಾಮ ಧರ್ಮರಕ್ಷಣೆ ಅಂತ ಉದ್ದೇಶಕ್ಕೆ ಜಾರ್ತಾನೆ. ಬಾಣ ಒಂದೇ. ಒಳ್ಳೇ ಅರ್ಥಧಾರಿ ಎದುರಾಳಿಯನ್ನ ಅವನ ಅಂಶದಲ್ಲಿ ನಿಲ್ಲೋಕೇ ಬಿಡಲ್ಲ.

ಇನ್ನು ಗಾಫ್‌ಮನ್. ಅವನಿಗೆ ರಂಗಭೂಮಿ ಒಂದು ರೂಪಕ, ಕೆಲಸ ಮುಗಿದ ಮೇಲೆ ಬಿಚ್ಚೋ ಅಟ್ಟಣಿಗೆ ಅಂತ ಅವನೇ ಹೇಳಿದಾನೆ. ಬರ್ಕ್ ಪ್ರಕಾರ ರೂಪಕ ಅಲ್ಲವೇ ಅಲ್ಲ: ಕಲ್ಲು ಉರುಳೋದು ಚಲನೆ, ಮನುಷ್ಯ ಮಾಡೋದು ನಿಜವಾಗಿಯೂ ಕ್ರಿಯೆ. ಇದಕ್ಕೆ ಒಂದು ಅಡಿಟಿಪ್ಪಣಿ ಸಾಕು. ಗೈಡ್ ಹಟ ಮಾಡಿದ್ರೆ ಎರಡು ಪುಟ ಬರೆದು ಕೊಡಿ, ಕೋಷ್ಟಕ ಅನುಬಂಧಕ್ಕೆ ತಳ್ಳಿ. ಉಳಿದ ಸಮಯದಲ್ಲಿ ನಿಮ್ಮ ಭಾಷಣಗಳನ್ನ ಜೋಡಿ ಜೋಡಿಯಾಗಿ ಇಟ್ಕೊಂಡು, ಯಾರ ಮಾತಲ್ಲಿ ನೀರು ಇದೆ, ಯಾರ ಮಾತಲ್ಲಿ ಇಲ್ಲ ಅಂತ ಗುರುತು ಹಾಕಿ.