ಹಗಲು ಶೂಟಿಂಗ್, ಸಂಜೆ ಹಾಡು, ಮನೇಲಿ ಮಕ್ಕಳು

ನಟನೆ, ಹಾಡು ಎರಡೂ ಮಾಡ್ತಾ ಹಾಡಿನ ಅಭ್ಯಾಸಕ್ಕೆ ಹೊತ್ತೇ ಸಿಗ್ತಿಲ್ಲ, ರಾತ್ರಿ ಹೊತ್ತಿಗೆ ದನಿ ಒಡೆಯುತ್ತೆ, ಮನೇಲಿ ದಿನಾ ಕಿರಿಕಿರಿ ಅಂತ ಕೇಳಿದ್ದೀರಿ. ಮೊದಲು ಗಂಟಲಿನ ಲೆಕ್ಕ ನೋಡಿ. ಸೆಟ್‌ನಲ್ಲಿ ಕಿರುಚುವ ದೃಶ್ಯ ಮುಗಿಸಿ ಬಂದು, ಅಡುಗೆಮನೆಯಿಂದಲೇ ಮಕ್ಕಳನ್ನ ಕೂಗಿದರೆ ಅದೂ ಅದೇ ಖಾತೆಗೆ ಬೀಳುತ್ತೆ. ಹತ್ತಿರ ಹೋಗಿ ಮಾತಾಡಿ, ಇಲ್ಲಾ ಚಪ್ಪಾಳೆ ತಟ್ಟಿ. ಪಿಸುಗುಟ್ಟೋದನ್ನ ವಿಶ್ರಾಂತಿ ಅಂದ್ಕೋಬೇಡಿ; ಅದರಿಂದಲೂ ಹಲವರಿಗೆ ಗಂಟಲು ಬಿಗಿಯುತ್ತೆ.

ಅಭ್ಯಾಸಕ್ಕೆ ಪೂರಾ ಒಂದು ಗಂಟೆ ಸಿಗಲಿ ಅಂತ ಕಾಯಬೇಡಿ. ಲೋಟದ ನೀರಲ್ಲಿ ಸ್ಟ್ರಾ ತುದಿಯನ್ನ 2 ಸೆಂಟಿಮೀಟರ್ ಅದ್ದಿ, ಗುಳ್ಳೆ ಏಳುವ ಹಾಗೆ ಮೆಲ್ಲಗೆ 'ಊ' ಎನ್ನುತ್ತಾ ದನಿಯನ್ನ ಕೆಳಗಿನಿಂದ ಮೇಲಕ್ಕೆ ಜಾರಿಸಿ. 5 ನಿಮಿಷ, ದಿನಕ್ಕೆ 3 ಸಲ. ಪಕ್ಕದ ಕೋಣೇಲಿ ಮಲಗಿದ ಮಗು ಎದ್ದೇಳಲ್ಲ! ಗುಳ್ಳೆ ತಡೆತಡೆದು ಬಂದರೆ ಉಸಿರು ಸಮನಾಗಿ ಹೋಗ್ತಿಲ್ಲ ಅಂತ. ಕತ್ತು ಬಿಗಿದರೆ ಅಲ್ಲಿಗೇ ನಿಲ್ಲಿಸಿ.

ಕಾಲ್‌ಶೀಟ್ (ಶೂಟಿಂಗ್ ದಿನ, ವೇಳೆಯ ಪಟ್ಟಿ) ಬಂದ ಕೂಡಲೇ ಮನೆಯವರ ಫೋನ್ ಕ್ಯಾಲೆಂಡರ್‌ಗೂ ಹಾಕಿ, ಪ್ಯಾಕಪ್ ಅಂದ್ರೆ ಶೂಟಿಂಗ್ ಮುಗಿಯುವ ವೇಳೆಗೆ 2 ಗಂಟೆ ಸೇರಿಸಿಯೇ ಬರೆಯಿರಿ. ಎಂಟಕ್ಕೆ ಬರ್ತೀನಿ ಅಂದು ಹತ್ತಕ್ಕೆ ಬರೋದೇ ಅರ್ಧ ಜಗಳದ ಮೂಲ. ಮಕ್ಕಳ ಶಾಲೆ ಕಾರ್ಯಕ್ರಮದ ದಿನಗಳನ್ನ ಶೂಟಿಂಗ್‌ಗೆ ಡೇಟ್ಸ್ ಕೊಡೋಕೆ ಮುಂಚೆಯೇ ಗುರುತು ಮಾಡಿಡಿ. ನೈಟ್ ಶೂಟ್ ಮರುದಿನ ಬೆಳಗ್ಗೆ ರೆಕಾರ್ಡಿಂಗ್ ಒಪ್ಪಲೇಬೇಡಿ.

ದನಿ ಒಡೆದದ್ದು 3 ವಾರ ದಾಟಿದರೂ ಸರಿಹೋಗದಿದ್ದರೆ ಕಷಾಯ ಕುಡೀತಾ ಕೂರದೆ ಇಎನ್‌ಟಿ ಡಾಕ್ಟರಿಗೆ ತೋರಿಸಿ.