ಅನುವಾದವಾದ ಗೇಮ್: ಕೊಟ್ಟ ದುಡ್ಡಿಗೆ ತಕ್ಕದ್ದೇ?

ಜಪಾನಿನ ಕಥಾಪ್ರಧಾನ ಗೇಮ್‌ಗಳು, ಅದರಲ್ಲೂ ಹೆಚ್ಚು ಜನಕ್ಕೆ ಗೊತ್ತಿಲ್ಲದ ವಿಷುವಲ್ ನಾವೆಲ್ (ಚಿತ್ರಗಳ ಜೊತೆ ಕಥೆ ಓದುತ್ತಾ ಹೋಗುವ ಗೇಮ್) ಮತ್ತು ಪಾತ್ರವೊಂದನ್ನು ನಡೆಸುತ್ತಾ ಆಡುವ ರೋಲ್ ಪ್ಲೇಯಿಂಗ್ ಗೇಮ್‌ಗಳ ಇಂಗ್ಲಿಷ್ ಆವೃತ್ತಿಗಳ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಚಿತ್ರ ಅಲ್ಲಾಡುವುದಿಲ್ಲ, ಇಡೀ ಗೇಮ್ ಬರೀ ಓದುವುದೇ. ಅದೂ ಜಪಾನಿನಲ್ಲಿ ಎಂಟು ಹತ್ತು ವರ್ಷದ ಹಿಂದೆ ಬಂದದ್ದು. ಇಂಗ್ಲಿಷಿಗೆ ಬಂದಾಗ ಹೊಸ ಗೇಮ್‌ನಷ್ಟೇ ಬೆಲೆ ಏಕೆ?

ಉತ್ತರ: ಗೇಮ್ ಹಳೆಯದಾದರೂ ನೀವು ದುಡ್ಡು ಕೊಡುವ ಕೆಲಸ ಹೊಸದು. ಒಂದು ಕಾಲ್ಪನಿಕ ಉದಾಹರಣೆಯಲ್ಲಿ ಲೆಕ್ಕ ಹಾಕಿ ನೋಡೋಣ. ಗೇಮ್‌ನಲ್ಲಿ 10 ಲಕ್ಷ ಜಪಾನಿ ಅಕ್ಷರಗಳಿವೆ ಎಂದುಕೊಳ್ಳಿ. ದೊಡ್ಡ ವಿಷುವಲ್ ನಾವೆಲ್‌ಗೆ ಇದು ಅಪರೂಪದ ಗಾತ್ರವಲ್ಲ. ಸಾವಿರ ಜಪಾನಿ ಅಕ್ಷರ ಇಂಗ್ಲಿಷಿನಲ್ಲಿ ಸುಮಾರು 400ರಿಂದ 500 ಪದ ಆಗುತ್ತದೆ, ಅಂದರೆ ಒಟ್ಟು ನಾಲ್ಕರಿಂದ ಐದು ಲಕ್ಷ ಪದ. ಒಬ್ಬ ಅನುವಾದಕ ದಿನಕ್ಕೆ 4,000 ಅಕ್ಷರ ಮುಗಿಸಿದರೆ 250 ಕೆಲಸದ ದಿನ ಬೇಕು. ಅಕ್ಷರಕ್ಕೆ 5 ಸೆಂಟ್ ಸಂಭಾವನೆ ಎಂದರೆ 50,000 ಡಾಲರ್. ಸಂಪಾದನೆ, ಪ್ರೋಗ್ರಾಮಿಂಗ್, ಪರೀಕ್ಷೆಗೆ ಇನ್ನೊಂದು 30,000 ಸೇರಿಸಿ.

ಈಗ ಆದಾಯದ ಕಡೆ ಬನ್ನಿ. 40 ಡಾಲರ್ ಗೇಮ್‌ನಲ್ಲಿ ಸ್ಟೀಮ್‌ನಂಥ ಆನ್‌ಲೈನ್ ಗೇಮ್ ಅಂಗಡಿಯ ಪಾಲು ಶೇ 30, ಅಂದರೆ 12 ಡಾಲರ್. ಉಳಿದ 28ರಲ್ಲಿ ಅರ್ಧ ಮೂಲ ಕಂಪನಿಗೆ ಹೋದರೆ ಅನುವಾದ ಮಾಡಿಸಿದವರ ಕೈಗೆ 14. ಆ 80,000 ಡಾಲರ್ ವಾಪಸ್ ಬರಲು ಪೂರ್ತಿ ಬೆಲೆಗೆ ಸುಮಾರು 5,700 ಪ್ರತಿ ಮಾರಾಟವಾಗಬೇಕು. ಎಲ್ಲವೂ ಅರ್ಧ ಬೆಲೆಯ ರಿಯಾಯಿತಿಯಲ್ಲೇ ಹೋದರೆ 11,000ಕ್ಕೂ ಮಿಗಿಲು. ಹತ್ತು ಲಕ್ಷ ಪ್ರತಿ ಮಾರುವ ಗೇಮ್‌ಗೆ ಇದೇ ಖರ್ಚು ಪ್ರತಿಯೊಂದಕ್ಕೆ 8 ಸೆಂಟ್ ಬೀಳುತ್ತದೆ. ಐದಾರು ಸಾವಿರ ಜನ ಕೊಳ್ಳುವ ಗೇಮ್‌ಗೆ ಬೆಲೆಯ ಸುಮಾರು ಮೂರನೆಯ ಒಂದು ಪಾಲು ಅನುವಾದದ್ದೇ.

ಹಾಗಾಗಿ ನಮ್ಮ ನಿಲುವು ಸ್ಪಷ್ಟ: ಅನುವಾದ ಚೆನ್ನಾಗಿದ್ದರೆ ಪೂರ್ತಿ ಬೆಲೆ ನ್ಯಾಯವೇ. ಅನುವಾದ ಕೆಟ್ಟಿದ್ದರೆ ಅರ್ಧ ಬೆಲೆಯೂ ದುಬಾರಿ, ಏಕೆಂದರೆ ಓದುವುದೇ ಆಟವಾದ ಗೇಮ್‌ನಲ್ಲಿ ಓದು ಕೆಟ್ಟ ಮೇಲೆ ಉಳಿಯುವುದೇನೂ ಇಲ್ಲ.

ಗಂಟೆಗೆ ಎಷ್ಟು ಖರ್ಚು ಎಂಬ ಲೆಕ್ಕವನ್ನು ಇಲ್ಲಿ ನಂಬಬೇಡಿ. ನಾಲ್ಕೂವರೆ ಲಕ್ಷ ಪದವನ್ನು ನಿಮಿಷಕ್ಕೆ 200ರಂತೆ ಓದಿದರೆ 37 ಗಂಟೆ ದಾಟುತ್ತದೆ. ಇಂಗ್ಲಿಷ್ ಎರಡನೆಯ ಭಾಷೆಯಾಗಿ 150ರ ವೇಗದಲ್ಲಿ ಓದುವವರಿಗೆ ಅದೇ ಗೇಮ್ 50 ಗಂಟೆ. ನಿಧಾನ ಓದಿದ ಮಾತ್ರಕ್ಕೆ ಗೇಮ್ ಅಗ್ಗವಾಗಲಿಲ್ಲವಲ್ಲ.

ಪ್ರಶ್ನೆ: ಜಪಾನಿ ಬಾರದವರು ಅನುವಾದ ಚೆನ್ನಾಗಿದೆಯೋ ಇಲ್ಲವೋ ಎಂದು ಕೊಳ್ಳುವ ಮೊದಲೇ ಹೇಗೆ ತಿಳಿಯುವುದು?

ಉತ್ತರ: ಮೂಲ ಓದಲು ಬರಬೇಕಿಲ್ಲ. ಕೆಟ್ಟ ಅನುವಾದ ತನ್ನ ಗುರುತುಗಳನ್ನು ಬಿಟ್ಟೇ ಹೋಗುತ್ತದೆ.

ಮೊದಲ ಅರ್ಧ ಗಂಟೆಯ ವೀಡಿಯೊ ನೋಡಿ ತೀರ್ಮಾನಿಸಬೇಡಿ. ವಿಮರ್ಶಕರು ಮೊದಲು ನೋಡುವುದೂ ಡೆಮೊದಲ್ಲಿ ಬರುವುದೂ ಆ ಭಾಗವೇ ಆದ್ದರಿಂದ ಅದನ್ನು ಹೆಚ್ಚು ತಿದ್ದಿರುತ್ತಾರೆ. ಯಾರಾದರೂ ಪೂರ್ತಿ ಆಡಿದ ವೀಡಿಯೊದಲ್ಲಿ ಹತ್ತನೆಯ ಗಂಟೆಗೆ ಹೋಗಿ ಹತ್ತು ನಿಮಿಷ ಓದಿ. ಕಥೆ ಬಿಟ್ಟುಕೊಡುತ್ತದೆಂಬ ಭಯವಿದ್ದರೆ ಅಡ್ಡಕಥೆಗಳನ್ನು, ಊರಿನ ದಾರಿಹೋಕರ ಮಾತುಗಳನ್ನು ನೋಡಿ. ಹಲವು ಅನುವಾದಕರು ಪಾಲು ಹಂಚಿಕೊಂಡು ಅವಸರದಲ್ಲಿ ಮುಗಿಸಿದ್ದರೆ ಮೊದಲು ಕೆಡುವುದು ಅಲ್ಲಿಯೇ. ಒಂದೇ ಊರಿನ ಹೆಸರು ಎರಡು ಕಾಗುಣಿತದಲ್ಲಿದ್ದರೆ, ಒಂದೇ ಆಯುಧಕ್ಕೆ ಅಂಗಡಿಯಲ್ಲಿ ಒಂದು ಹೆಸರು, ಮೆನುವಿನಲ್ಲಿ ಇನ್ನೊಂದು ಇದ್ದರೆ, ಪದಪಟ್ಟಿ ಇಟ್ಟುಕೊಳ್ಳದೆ ಕೆಲಸ ಮಾಡಿದ್ದಾರೆ ಎಂದೇ ಅರ್ಥ.

ಆಮೇಲೆ ವಸ್ತು ಸಿಕ್ಕಾಗ ಬರುವ ಸಂದೇಶಗಳನ್ನು ಗಮನಿಸಿ. ಜಪಾನಿಯಲ್ಲಿ ‘ಎ’, ‘ದಿ’ಗಳಿಲ್ಲ, ಏಕವಚನ ಬಹುವಚನದ ಗೊಡವೆ ಕಡಿಮೆ. ಮೂಲ ಪ್ರೋಗ್ರಾಂ ವಸ್ತುವಿನ ಹೆಸರನ್ನು ವಾಕ್ಯದ ಖಾಲಿ ಜಾಗಕ್ಕೆ ತಂದು ಸೇರಿಸುತ್ತದೆ, ಅಷ್ಟೆ. ಇಂಗ್ಲಿಷಿಗೆ ಅದನ್ನು ಹಾಗೇ ಬಿಟ್ಟರೆ ‘ಯು ಗಾಟ್ ಎ ಪೋಷನ್ಸ್’ ಎಂಬಂಥ ವಾಕ್ಯ ಬರುತ್ತದೆ. ಇದನ್ನು ಸರಿಮಾಡಲು ಅನುವಾದಕ ಸಾಲದು, ಪ್ರೋಗ್ರಾಮರ್ ಕೂತು ಪ್ರತಿ ವಸ್ತುವಿಗೂ ಏಕವಚನ, ಬಹುವಚನ ರೂಪ ಸೇರಿಸಬೇಕು. ಆ ಸಂದೇಶಗಳು ಸರಿಯಿದ್ದರೆ ಬೇರೆ ಕಡೆಯೂ ದುಡ್ಡು ಸುರಿದಿದ್ದಾರೆ ಎಂದು ಧೈರ್ಯ ತಂದುಕೊಳ್ಳಬಹುದು.

ಕೊನೆಗೆ ಕ್ರೆಡಿಟ್ಸ್, ಅಂದರೆ ಕೆಲಸ ಮಾಡಿದವರ ಹೆಸರುಗಳ ಪಟ್ಟಿ. ಅನುವಾದಕ, ಸಂಪಾದಕ, ಪರೀಕ್ಷಕ ಬೇರೆ ಬೇರೆ ಹೆಸರಿನಲ್ಲಿರುವುದು ಒಳ್ಳೆಯ ಲಕ್ಷಣ. ಸಂಪಾದಕರ ಹೆಸರೇ ಇಲ್ಲದಿದ್ದರೆ ಕಾಯಿರಿ.

ಕಾಯುವುದಕ್ಕೆ ಫಲವಿದೆ ಎಂಬುದಕ್ಕೆ ‘ಈಸ್ 8: ಲಾಕ್ರಿಮೋಸಾ ಆಫ್ ಡಾನಾ’ ಸಾಕ್ಷಿ. 2017ರ ಸೆಪ್ಟೆಂಬರ್‌ನಲ್ಲಿ ಇಂಗ್ಲಿಷಿನಲ್ಲಿ ಬಂದಾಗ ಅದರ ಅನುವಾದ ಆಟಗಾರರನ್ನು ರೊಚ್ಚಿಗೆಬ್ಬಿಸಿತು. ಗಂಭೀರವಾದ ಒಂದು ಸ್ಥಳಕ್ಕೆ ‘ಆರ್ಕಿಯೊಜೋಯಿಕ್ ಬಿಗ್ ಹೋಲ್’ ಎಂದು ಹೆಸರಿಟ್ಟಿದ್ದರು, ಅಂದರೆ ಬರೀ ‘ದೊಡ್ಡ ತೂತು’. ಮುಂದಿನ ತಿಂಗಳೇ ಪ್ರಕಾಶಕರು ಕ್ಷಮೆ ಕೇಳಿ, 2018ರ ಆರಂಭದಲ್ಲಿ ತಿದ್ದಿದ ಅನುವಾದವನ್ನು ಉಚಿತ ಅಪ್‌ಡೇಟ್ ಆಗಿ ಕೊಟ್ಟರು. ‘ಬಿಗ್ ಹೋಲ್’ ಹೋಗಿ ‘ಕ್ಯಾಸಮ್’ (ಆಳವಾದ ಕಂದರ) ಆಯಿತು. ಹಳೆಯ ವಿಮರ್ಶೆ ಓದಿ ಈಗ ಆ ಗೇಮ್ ಬಿಟ್ಟರೆ ನಷ್ಟ ನಿಮ್ಮದೇ. ವಿಮರ್ಶೆಯ ತಾರೀಖು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಪ್ರಶ್ನೆ: ಕೊಂಡ ಮೇಲೆ ಹಿಡಿಸದಿದ್ದರೆ?

ಉತ್ತರ: ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಆಡಿದ ಹೊತ್ತು 2 ಗಂಟೆಗಿಂತ ಕಡಿಮೆಯಿದ್ದರೆ ದುಡ್ಡು ವಾಪಸ್ ಕೇಳಬಹುದು. ಗೇಮ್ ತೆರೆದಿಟ್ಟು ಊಟಕ್ಕೆ ಹೋದರೂ ಆ ಹೊತ್ತು ಲೆಕ್ಕಕ್ಕೆ ಬರುತ್ತದೆ, ಎಚ್ಚರ. ಜಿಒಜಿ ಎಂಬ ಇನ್ನೊಂದು ಪಿಸಿ ಗೇಮ್ ಅಂಗಡಿಯಲ್ಲಿ 30 ದಿನದ ಅವಕಾಶವಿದೆ. ಸ್ವಿಚ್‌ನಂಥ ಆಟದ ಯಂತ್ರಗಳ, ಅಂದರೆ ಕನ್ಸೋಲ್‌ಗಳ, ಅಂಗಡಿಗಳು ಇಷ್ಟು ಉದಾರಿಗಳಲ್ಲ. ಒಂದೇ ಗೇಮ್ ಎರಡೂ ಕಡೆ ಸಿಗುವಾಗ ಅನುವಾದದ ಬಗ್ಗೆ ಅನುಮಾನವಿದ್ದರೆ ಪಿಸಿ ಆವೃತ್ತಿಯನ್ನೇ ಕೊಳ್ಳಿ.

ಪ್ರಶ್ನೆ: ಈಗ ಯಂತ್ರಾನುವಾದವೇ ಸಾಕಷ್ಟು ಚೆನ್ನಾಗಿದೆಯಲ್ಲ. ಅಂಥ ಅಗ್ಗದ ಗೇಮ್ ಕೊಂಡರೆ ತಪ್ಪೇನು?

ಉತ್ತರ: ಮೆನು, ನಿಯಮ, ಅಂಕಿಗಳೇ ಮುಖ್ಯವಾದ ಗೇಮ್‌ಗೆ ಅಡ್ಡಿಯಿಲ್ಲ. ಕಥೆಗಾಗಿ ಕೊಳ್ಳುವ ಗೇಮ್‌ಗೆ ಬೇಡ. ಕಾರಣ ಕನ್ನಡದವರಿಗೆ ಬೇಗ ಅರ್ಥವಾಗುತ್ತದೆ.

ಕನ್ನಡದಲ್ಲಿ ಬರೀ ‘ತುಂಬಾ ಇಷ್ಟ’ ಎಂದರೆ ಸಾಕು. ಯಾರಿಗೆ ಯಾರ ಮೇಲೆ ಎಂಬುದನ್ನು ಸಂದರ್ಭವೇ ಹೇಳುತ್ತದೆ. ಜಪಾನಿಯ ‘ಸುಕಿ ದಾ’ ಕೂಡ ಹಾಗೆಯೇ. ಆದರೆ ನಮ್ಮಲ್ಲಿ ‘ಹೋದ’, ‘ಹೋದಳು’, ‘ಹೋದೆ’ ಎಂದು ಕ್ರಿಯಾಪದ ಗುಟ್ಟು ಬಿಡುತ್ತದೆ. ಜಪಾನಿಯಲ್ಲಿ ಮೂರಕ್ಕೂ ‘ಇತ್ತಾ’ ಒಂದೇ. ಇಂಗ್ಲಿಷಿನಲ್ಲಿ ‘ಹಿ’, ‘ಶಿ’, ‘ಐ’ಗಳಲ್ಲಿ ಒಂದನ್ನು ಹಾಕದೆ ವಾಕ್ಯ ನಿಲ್ಲುವುದಿಲ್ಲ, ಆದ್ದರಿಂದ ಯಂತ್ರ ಊಹಿಸುತ್ತದೆ. ಗೇಮ್‌ನ ಸಾಲುಗಳು ಫೈಲಿನಲ್ಲಿ ತುಂಡು ತುಂಡಾಗಿರುವುದರಿಂದ ಹಿಂದಿನ ಸಾಲು ಅದಕ್ಕೆ ಕಾಣದೆಯೂ ಹೋಗಬಹುದು. ಪತ್ತೇದಾರಿ ಕಥೆಯಲ್ಲಿ ಕೊಲೆಗಾರ ಗಂಡೋ ಹೆಣ್ಣೋ ಎಂಬುದನ್ನು ಲೇಖಕ ಬೇಕೆಂದೇ ಮುಚ್ಚಿಟ್ಟಿರುತ್ತಾನೆ. ಯಂತ್ರದ ಊಹೆ ತಪ್ಪಾದರೆ ಕಥೆ ದಾರಿ ತಪ್ಪುತ್ತದೆ, ಸರಿಯಾದರೆ ಗುಟ್ಟು ರಟ್ಟಾಗುತ್ತದೆ. ಎರಡರಲ್ಲೂ ಕೆಟ್ಟದ್ದು ಓದುಗನಿಗೇ.

ಇನ್ನು ‘ನಾನು’ ಎನ್ನುವುದಕ್ಕೆ ಜಪಾನಿಯಲ್ಲಿ ‘ವಾತಾಶಿ’, ‘ಬೊಕು’, ‘ಒರೆ’ ಹೀಗೆ ಹಲವು ಪದಗಳಿವೆ, ಆಡುವವರ ವಯಸ್ಸು, ಸ್ವಭಾವ, ಬಿಗುಮಾನ ಎಲ್ಲವೂ ಅವುಗಳಲ್ಲಿವೆ. ಇಂಗ್ಲಿಷಿನಲ್ಲಿ ಎಲ್ಲವೂ ‘ಐ’. ನುರಿತ ಅನುವಾದಕ ಆ ವ್ಯತ್ಯಾಸವನ್ನು ಮಾತಿನ ಧಾಟಿಯಲ್ಲಿ ಬೇರೆಡೆ ತುಂಬಿಕೊಡುತ್ತಾನೆ. ‘ನೀವು’ ಎನ್ನುತ್ತಿದ್ದವಳು ಮೊದಲ ಸಲ ‘ನೀನು’ ಎಂದಾಗ ಕಥೆಯಲ್ಲಿ ಏನೋ ಆಯಿತು ಎಂದು ನಮಗೆ ತಟ್ಟುತ್ತದಲ್ಲವೇ, ಅಂಥದ್ದನ್ನು ಉಳಿಸಿಕೊಡುವುದಕ್ಕೇ ನಾವು ದುಡ್ಡು ಕೊಡುವುದು.

ಸ್ಟೀಮ್‌ನಲ್ಲಿ ಎಐ ಬಳಸಿದ್ದರೆ ಗೇಮ್‌ನವರು ತಿಳಿಸಬೇಕೆಂಬ ನಿಯಮ 2024ರಿಂದ ಇದೆ. ಗೇಮ್‌ನ ಪುಟದಲ್ಲಿ ಕೆಳಗೆ ಆ ಪ್ರಕಟಣೆ ಇದೆಯೇ ನೋಡಿ.

ಪ್ರಶ್ನೆ: ಅಭಿಮಾನಿಗಳು ಮಾಡಿದ ಉಚಿತ ಅನುವಾದದ ಪ್ಯಾಚ್ ಇರುವಾಗ ಅಧಿಕೃತ ಆವೃತ್ತಿ ಏಕೆ ಕೊಳ್ಳಬೇಕು? ಪ್ಯಾಚ್ ಹಾಕಿದರೆ ಗೇಮ್ ತೆರೆಯುವುದೇ ಇಲ್ಲ, ಏನು ಮಾಡಲಿ?

ಉತ್ತರ: ಅಧಿಕೃತ ಆವೃತ್ತಿಯೇ ಇಲ್ಲದಾಗ ಪ್ಯಾಚ್ ಒಂದೇ ದಾರಿ. 2006ರ ‘ಮದರ್ 3’ ಇಂಗ್ಲಿಷಿನಲ್ಲಿ ಓದಲು ಸಿಕ್ಕಿದ್ದು 2008ರ ಅಭಿಮಾನಿ ಅನುವಾದದಿಂದಲೇ. ಎರಡೂ ಇದ್ದಾಗ ಅಧಿಕೃತವನ್ನು ಕೊಳ್ಳಿ ಎನ್ನುತ್ತೇವೆ, ಏಕೆಂದರೆ ಸರಣಿಯ ಮುಂದಿನ ಭಾಗ ಅನುವಾದವಾಗುವುದು ಹಿಂದಿನದರ ಮಾರಾಟ ನೋಡಿಯೇ. ಅಭಿಮಾನಿಗಳ ಶ್ರಮ ಅಧಿಕೃತ ಆವೃತ್ತಿಗೆ ಸೇರಿದ್ದೂ ಉಂಟು: 2010ರ ‘ಟ್ರೇಲ್ಸ್ ಫ್ರಮ್ ಝೀರೋ’ಗೆ 2020ರಲ್ಲಿ ಬಂದ ಅಭಿಮಾನಿ ಅನುವಾದವೇ 2022ರ ಅಧಿಕೃತ ಇಂಗ್ಲಿಷಿಗೆ ಆಧಾರವಾಯಿತು.

ಗೇಮ್ ತೆರೆಯದಿದ್ದರೆ ಮೊದಲು ಆವೃತ್ತಿ ನೋಡಿ. ಪ್ಯಾಚ್ ಎಂದರೆ ಮೂಲ ಫೈಲಿನ ಇಂಥ ಜಾಗದಲ್ಲಿ ಇಂಥದ್ದನ್ನು ಬದಲಿಸು ಎಂಬ ಪಟ್ಟಿ. ನಿಮ್ಮ ಮೂಲ 1.00 ಆಗಿದ್ದು ಪ್ಯಾಚ್ 1.01ಕ್ಕೆ ಬರೆದದ್ದಾದರೆ ತಪ್ಪು ಜಾಗ ಬದಲಾಗಿ ಗೇಮ್ ಕುಸಿಯುತ್ತದೆ. ಬಿಪಿಎಸ್ ಮಾದರಿಯ ಪ್ಯಾಚ್ ಮೂಲ ಫೈಲನ್ನು ಪರೀಕ್ಷಿಸಿ, ಹೊಂದದಿದ್ದರೆ ಅಲ್ಲೇ ತಡೆಯುತ್ತದೆ. ಹಳೆಯ ಐಪಿಎಸ್ ಮಾದರಿ ಏನನ್ನೂ ಕೇಳದೆ ಬರೆದುಬಿಡುತ್ತದೆ, ಆದ್ದರಿಂದ ಮೂಲದ ಒಂದು ನಕಲನ್ನು ಬೇರೆ ಇಟ್ಟುಕೊಂಡೇ ಕೈ ಹಾಕಿ. ಸ್ಟೀಮ್ ಗೇಮ್‌ಗೆ ಪ್ಯಾಚ್ ಹಾಕಿದ್ದರೆ ಅಪ್‌ಡೇಟ್ ಅದನ್ನು ಅಳಿಸಿಹಾಕಬಹುದು.

ಹಳೆಯ ಪಿಸಿ ಗೇಮ್‌ನಲ್ಲಿ ಅಕ್ಷರಗಳ ಬದಲು ಕಸ ಕಾಣುತ್ತಿದ್ದರೆ ವಿಂಡೋಸ್‌ನ ರೀಜನ್ ಸೆಟ್ಟಿಂಗ್‌ನಲ್ಲಿ ಸಿಸ್ಟಮ್ ಲೊಕೇಲ್ ಅನ್ನು ಜಪಾನೀಸ್ ಮಾಡಿ, ಅದೇ ಕಿಟಕಿಯಲ್ಲಿರುವ ಯುಟಿಎಫ್-8 ಗುರುತನ್ನು ತೆಗೆದು ಕಂಪ್ಯೂಟರ್ ಮತ್ತೆ ಶುರುಮಾಡಿ. ಗೇಮ್ ಇರುವ ಫೋಲ್ಡರ್‌ನ ಹೆಸರು ಕನ್ನಡದಲ್ಲಿದ್ದರೆ ಇಂಗ್ಲಿಷಿಗೆ ಬದಲಿಸಿ. ಯುನಿಕೋಡ್ ಅರಿಯದ ಗೇಮ್‌ಗಳು ಆ ದಾರಿಯನ್ನು ಓದಲಾರದೆ ಸೇವ್ ಮಾಡುವಾಗ ಕೈಕೊಡುತ್ತವೆ.

ಪ್ರಶ್ನೆ: ಕನ್ಸೋಲ್‌ಗೆ ಬೇರೆ ದೇಶದ ಪ್ರತಿ ತರಿಸಬಹುದೇ?

ಉತ್ತರ: ನಿಂಟೆಂಡೊದ ಸ್ವಿಚ್ ಕಾರ್ಟ್‌ರಿಜ್‌ಗೆ ಪ್ರದೇಶದ ಬೀಗವಿಲ್ಲ, ಜಪಾನಿನ ಕೆಲವು ಪ್ರತಿಗಳಲ್ಲಿ ಇಂಗ್ಲಿಷ್ ಕೂಡ ಇರುತ್ತದೆ. ಡಿಎಲ್‌ಸಿ (ಗೇಮ್‌ಗೆ ಬೇರೆಯಾಗಿ ಕೊಂಡು ಸೇರಿಸುವ ಹೆಚ್ಚುವರಿ ಭಾಗ) ಮಾತ್ರ ಪ್ರತಿಯ ಪ್ರದೇಶಕ್ಕೆ ಹೊಂದಬೇಕು. ಜಪಾನಿನ ಕಾರ್ಟ್‌ರಿಜ್‌ಗೆ ಅಮೆರಿಕದ ಅಂಗಡಿಯ ಡಿಎಲ್‌ಸಿ ಕೊಂಡರೆ ಅದು ಡೌನ್‌ಲೋಡ್ ಆದರೂ ಗೇಮ್ ಗುರುತಿಸದೆ ಹೋಗುತ್ತದೆ.

ಪ್ರಶ್ನೆ: ರಿಯಾಯಿತಿಗೆ ಕಾಯಬೇಕೇ, ಬಂದ ದಿನವೇ ಕೊಳ್ಳಬೇಕೇ?

ಉತ್ತರ: ಒಂದೇ ಗೇಮ್‌ನಲ್ಲಿ ಮುಗಿಯುವ ಕಥೆಯಾದರೆ ಕಾಯಿರಿ. ಮೊದಲ ತಿಂಗಳಲ್ಲಿ ಫಾಂಟ್ ದೋಷ, ಪೆಟ್ಟಿಗೆಯಿಂದ ಹೊರಚೆಲ್ಲುವ ಸಾಲು, ಹಾದಿ ತಪ್ಪಿದ ಆಯ್ಕೆಗಳು ಒಂದೊಂದಾಗಿ ಸರಿಯಾಗುತ್ತವೆ. ಸ್ಟೀಮ್‌ಡಿಬಿ ಎಂಬ ಜಾಲತಾಣದಲ್ಲಿ ಗೇಮ್‌ನ ಹಳೆಯ ಬೆಲೆಗಳೆಲ್ಲ ಕಾಣುತ್ತವೆ, ಅದೇ ಪ್ರಕಾಶಕರ ಹಿಂದಿನ ಗೇಮ್ ಎಷ್ಟು ತಿಂಗಳಿಗೆ ಎಷ್ಟು ಇಳಿಯಿತು ನೋಡಿ ಅಂದಾಜು ಮಾಡಿ.

ಸರಣಿಯ ನಡುವಿನ ಭಾಗವಾದರೆ, ಅನುವಾದ ಚೆನ್ನಾಗಿದೆ ಎಂದು ಖಾತ್ರಿಯಾದ ಮೇಲೆ, ಪೂರ್ತಿ ಬೆಲೆಗೆ ಕೊಳ್ಳಿ. ಮುಂದಿನ ಭಾಗ ಅನುವಾದವಾಗುವುದು ಈ ಮಾರಾಟ ನೋಡಿಯೇ. ‘ಟ್ರೇಲ್ಸ್ ಇನ್ ದ ಸ್ಕೈ’ಯ ಮೊದಲ ಭಾಗ ಕಥೆಯನ್ನು ತುದಿಗಾಲಲ್ಲಿ ನಿಲ್ಲಿಸಿ ಮುಗಿಯುತ್ತದೆ. ಅದು ಇಂಗ್ಲಿಷಿಗೆ ಬಂದದ್ದು 2011ರಲ್ಲಿ. ಜಪಾನಿನಲ್ಲಿ 2006ರಲ್ಲೇ ಬಂದಿದ್ದ ಎರಡನೆಯ ಭಾಗವನ್ನು ಇಂಗ್ಲಿಷಿನಲ್ಲಿ ಓದಲು ಆಟಗಾರರು 2015ರವರೆಗೆ ಕಾದರು.