ನೇರಳೆ ವಿಗ್ಗಿನ ಹತ್ತಿರವೇ ನಿಂತುಬಿಟ್ಟಿರಿ

ನಮಸ್ಕಾರ,

1970ರ ಬ್ರಿಟಿಷ್ ಧಾರಾವಾಹಿ ‘ಯುಎಫ್‌ಒ’ ಅನ್ನು ಮತ್ತೆ ನೋಡಿ ನೀವು ಬರೆದ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾರೆ. ಆದರೆ ಕೈಬಿಡುವ ಬರಹವಲ್ಲ, ಅದಕ್ಕೇ ಇಷ್ಟುದ್ದದ ಪತ್ರ.

ಮೊದಲ ಒಂದೂವರೆ ಪುಟ ಬರೀ ಮಾಹಿತಿ. ಗೆರ್ರಿ ಮತ್ತು ಸಿಲ್ವಿಯಾ ಆಂಡರ್ಸನ್ ಮೊದಲು ಗೊಂಬೆಗಳಿಟ್ಟು ‘ಥಂಡರ್‌ಬರ್ಡ್ಸ್’ ಮಾಡಿದ್ದರು, ಇದರಲ್ಲಿ ನಿಜವಾದ ನಟರಿದ್ದಾರೆ, ಒಟ್ಟು 26 ಕಂತು. ಎರಡು ಸಾಲು ಸಾಕು. ಕಥೆಯ ಎಳೆಯನ್ನು ಮಾತ್ರ ಬಿಡಬೇಡಿ: 1980ರಲ್ಲಿ ಅನ್ಯಗ್ರಹದವರು ಮನುಷ್ಯರ ಅಂಗಾಂಗ ಕದಿಯಲು ಬರುತ್ತಾರೆ. ಸಿನಿಮಾ ಸ್ಟುಡಿಯೊ ಒಂದರ ಕೆಳಗೆ ಅಡಗಿರುವ ‘ಶ್ಯಾಡೊ’ ಸಂಸ್ಥೆ ಅವರನ್ನು ತಡೆಯುತ್ತದೆ. ಹಳೇ ಕಂಪ್ಯೂಟರ್‌ಗಳನ್ನು ನೋಡಿ ನಕ್ಕ ಪ್ಯಾರಾ ತೆಗೆಯಿರಿ. ಆ ನಗು ಎಲ್ಲರೂ ನಕ್ಕಾಗಿದೆ.

ಆಮೇಲೆ ಚಂದ್ರನ ಮೇಲಿರುವ ಶ್ಯಾಡೊ ನೆಲೆಯ ಹೆಣ್ಣುಮಕ್ಕಳ ನೇರಳೆ ವಿಗ್, ಬೆಳ್ಳಿ ಬಣ್ಣದ ತುಂಡು ಉಡುಗೆ. ಅದನ್ನು ನಾಲ್ಕು ಪ್ಯಾರಾ ಬೈದಿದ್ದೀರಿ. ಬೈಯಿರಿ, ನನ್ನದೇನೂ ತಕರಾರಿಲ್ಲ. ಅಲ್ಲೇ ಕೆಲಸ ಮಾಡುವ ಗಂಡಸರಿಗೆ ವಿಗ್ ಇಲ್ಲ ಅಂತ ಒಂದು ಸಾಲು ಬರೆದಿದ್ದರೆ ಆ ನಾಲ್ಕೂ ಪ್ಯಾರಾ ಉಳಿಯುತ್ತಿತ್ತು. ಆದರೆ ‘ಹೆಣ್ಣಿಗೆ ಅಧಿಕಾರವೇ ಇಲ್ಲ’ ಎಂದಿದ್ದೀರಲ್ಲ, ಅದು ತಪ್ಪು. ಮೊದಲ ಕಂತಿನಲ್ಲೇ ಆ ನೆಲೆಯ ಮುಖ್ಯಸ್ಥೆ ಲೆಫ್ಟಿನೆಂಟ್ ಗೇ ಎಲ್ಲಿಸ್. ಅನ್ಯಗ್ರಹದ ನೌಕೆಗಳನ್ನು ತಡೆಯುವ ಇಂಟರ್‌ಸೆಪ್ಟರ್‌ಗಳು ಹಾರುವುದು ಅವಳ ಆದೇಶದ ಮೇಲೆ. ವೇಷಭೂಷಣ ಯಾರದು ಅಂತ ನೋಡಿದಿರಾ? ಸಿಲ್ವಿಯಾ ಆಂಡರ್ಸನ್ ಅವರದೇ. ಕುರ್ಚಿಯನ್ನೂ ಕೊಟ್ಟರು, ವಿಗ್ಗನ್ನೂ ಹಾಕಿದರು. ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ, ನೀವು ಮುಗಿಸಿದ್ದು ಇಲ್ಲಿ.

ಕೊನೆಗೆ ‘ಆ ಕಾಲವೇ ಹಾಗಿತ್ತು ಬಿಡಿ’ ಎಂದಿದ್ದೀರಿ. ಅಷ್ಟು ಹೊತ್ತು ಬೈದು, ಸುಮ್ನೆ ಜಾರಿಕೊಂಡ ಹಾಗಾಯಿತು, ಅಲ್ವಾ? ‘ಸರ್ವೈವಲ್’ ಕಂತನ್ನು ಇನ್ನೊಮ್ಮೆ ಹಾಕಿ ನೋಡಿ. ಕಪ್ಪು ವರ್ಣದ ಗಗನಯಾತ್ರಿ ಮಾರ್ಕ್ ಬ್ರಾಡ್ಲಿಗೆ ಶ್ಯಾಡೊದ ಮುಖ್ಯಸ್ಥ ಕಮಾಂಡರ್ ಸ್ಟ್ರೇಕರ್ ಚಂದ್ರನ ನೆಲೆಯ ಹೊಣೆ ವಹಿಸಲು ಬರುತ್ತಾನೆ. ಬ್ರಾಡ್ಲಿ ಹಿಂಜರಿಯುತ್ತಾನೆ, ಕಾರಣ ತನ್ನ ಬಣ್ಣ. ವರ್ಣದ್ವೇಷ ಐದು ವರ್ಷದ ಹಿಂದೆಯೇ ತೀರಿಹೋಯಿತಲ್ಲ ಅನ್ನುತ್ತಾನೆ ಸ್ಟ್ರೇಕರ್. ನಿಮಗೆ ಹೇಗೆ ಗೊತ್ತು ಅಂತ ಬ್ರಾಡ್ಲಿ ಕೇಳುತ್ತಾನೆ.

ಬ್ರಿಟನ್ನಿನಲ್ಲಿ ಮನೆ, ಕೆಲಸ ಕೊಡುವಾಗ ಬಣ್ಣ ನೋಡಬಾರದು ಎಂಬ ಕಾನೂನು ಬಂದದ್ದೇ 1968ರಲ್ಲಿ. ಅದರ ಬೆನ್ನಿಗೇ ತಯಾರಾದ ಧಾರಾವಾಹಿ ಇದು. ಕಾನೂನು ಬಂದರೆ ಎಲ್ಲ ಸರಿಹೋಯಿತು ಎಂದುಕೊಳ್ಳುವ ಬಿಳಿಯ ಅಧಿಕಾರಿ ಆಗಲೇ ಧಾರಾವಾಹಿ ಮಾಡಿದವರಿಗೆ ಕಂಡಿದ್ದ. ಕಾಲವೇ ಹಾಗಿತ್ತು ಎಂದಾದರೆ ಬ್ರಾಡ್ಲಿಯ ಈ ಪ್ರಶ್ನೆ ಯಾವ ಕಾಲದ್ದು? ನಿಮ್ಮ ಆರು ಪುಟದಲ್ಲಿ ಅವನ ಹೆಸರೇ ಇಲ್ಲ.

ಇನ್ನೊಂದು ಮಾತು. ಗೇ ಎಲ್ಲಿಸ್ ಭೂಮಿಗೆ ಬಂದಾಗ ವಿಗ್ ಯಾಕೆ ಹಾಕಿಲ್ಲ ಅಂತ ನಿಮ್ಮ ಮಗಳು ಕೇಳಿದ್ದನ್ನು ಬ್ರಾಕೆಟ್ಟಿನೊಳಗೆ ತುರುಕಿದ್ದೀರಿ. ಇಡೀ ಲೇಖನದಲ್ಲಿ ನನಗೆ ಜಾಸ್ತಿ ಇಷ್ಟವಾದ ಸಾಲು ಅದು. ಆಚೆ ತನ್ನಿ. ಆರು ಪುಟ ಮೂರಾಗಲಿ. ತಿಂಗಳ ಕೊನೆಯೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.

ಇಂತಿ,
ಸಂಪಾದಕ